ಬರೆಯದ ಮುಯ್ಯಿ

ನನ್ನ ಅಕ್ಷರ ದುಂಡಗಿದೆ. ಈ ಒಂದು ತಪ್ಪಿಗೆ ಮೂವತ್ತು ವರ್ಷ ನಾನು ಮದುವೆಮನೆಗಳಲ್ಲಿ ಬಿಸಿ ಅನ್ನ ಕಂಡಿಲ್ಲ. ಮುಳಬಾಗಿಲಿನ ಸುತ್ತಮುತ್ತ ಯಾರ ಮನೆಯಲ್ಲೇ ಶುಭಕಾರ್ಯವಾಗಲಿ, ಚಪ್ಪರದ ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ಅರಿಶಿನ ಕುಂಕುಮ ಹಚ್ಚಿದ ಹೊಸ ನೋಟ್‌ಬುಕ್ಕು, ಪಕ್ಕದಲ್ಲೊಂದು ಹಿತ್ತಾಳೆ ತಟ್ಟೆ, ಅದರ ಹಿಂದೆ ಕುರ್ಚಿಯಲ್ಲಿ ಕೋದಂಡರಾಮಪ್ಪ ಮೇಷ್ಟ್ರು, ಅಂದರೆ ನಾನು. ಬಂದವರು ಮುಯ್ಯಿ ಹಾಕುತ್ತಾರೆ. ನಾನು ಹೆಸರು, ಊರು, ಮೊತ್ತ ಬರೆದುಕೊಂಡು ಹಿತ್ತಲಿನ ಅಡುಗೆಯವನಿಗೂ ಕೇಳಿಸುವ ಹಾಗೆ ಕೂಗುತ್ತೇನೆ. ಕೊನೆಯ ಪಂಕ್ತಿಯಲ್ಲಿ ನನಗೆ ಸಿಗುವುದು ತಳ ಹಿಡಿದ ಪಾಯಸ.

ಪಟ್ಟಣದವರಿಗೆ ಮುಯ್ಯಿಯ ಕಟ್ಟಳೆ ಗೊತ್ತಿರಲಿಕ್ಕಿಲ್ಲ. ನನ್ನ ಮಗಳ ಮದುವೆಗೆ ನೀವು ಐದು ರೂಪಾಯಿ ಹಾಕಿದರೆ, ನಿಮ್ಮ ಮನೆಯ ಮದುವೆಗೆ ನಾನು ಐದೋ ಆರೋ ಹಾಕಲೇಬೇಕು. ನೀವು ಬಾಯಿಬಿಟ್ಟು ಕೇಳುವ ಹಾಗಿಲ್ಲ, ನಾನು ಮರೆಯುವ ಹಾಗಿಲ್ಲ. ಒಂದು ಸಲ ಪುಸ್ತಕದಲ್ಲಿ ಬರೆಸಿದರೆ ಹಳೆಯ ಬಾಕಿ ಅಲ್ಲಿಗೆ ತೀರಿತು. ಅದಕ್ಕೇ ಜನ ತಾಳಿ ಕಟ್ಟುವುದನ್ನು ನೋಡದಿದ್ದರೂ ನನ್ನ ಮೇಜಿನ ಮುಂದೆ ನಿಂತು, ಹೆಸರು ಸರಿಯಾಗಿ ಬರೆದೆನೋ ಇಲ್ಲವೋ ಎಂದು ಬಗ್ಗಿ ನೋಡಿ ಹೋಗುತ್ತಾರೆ. ಓದಲು ಬಾರದವರೂ ಬಗ್ಗಿ ನೋಡುತ್ತಾರೆ.

ನಮ್ಮೂರಿನ ಶ್ರೀರಾಮಪ್ಪನಷ್ಟು ಮುಯ್ಯಿ ಹಾಕಿದವನನ್ನು ನಾನು ಬೇರೆ ಕಂಡಿಲ್ಲ. ಎರಡು ಎಕರೆ ರಾಗಿ, ಮುಕ್ಕಾಲು ಎಕರೆ ಹಿಪ್ಪುನೇರಳೆ, ಒಬ್ಬಳೇ ಮಗಳು. ಅವಳು ಹುಟ್ಟುವ ಮೊದಲಿನಿಂದಲೂ, ಕರೆದ ಮದುವೆ ಒಂದನ್ನೂ ಅವನು ತಪ್ಪಿಸಿದವನಲ್ಲ. "ಬೇರೆಯೋರು ಬ್ಯಾಂಕಲ್ಲಿ ಇಡ್ತಾರೆ ಮೇಷ್ಟ್ರೇ, ನಾನು ಜನಗಳ ಮನೇಲಿ ಇಟ್ಟಿದ್ದೀನಿ. ನಮ್ ಗಂಗನ ಮದುವೆ ದಿನ ಎಲ್ಲಾ ತಾನಾಗೇ ನಡ್ಕೊಂಡ್ ಬರ್ತದೆ," ಎನ್ನುತ್ತಿದ್ದ. ಅವನ ಹೆಂಡತಿ ಭಾರತಮ್ಮ ಒಳಗಿನಿಂದಲೇ, "ನಡ್ಕೊಂಡ್ ಬರೋವರ್ಗೂ ನಾವು ಸಾರಿಗೆ ಬೇಳೆ ಎಣಿಸಿ ಹಾಕ್ತಾ ಇರೋಣ," ಎಂದು ಸೇರಿಸುತ್ತಿದ್ದಳು.

ಆ ಮಗಳು ಗಂಗರತ್ನ ನನ್ನ ಶಾಲೆಯಲ್ಲೇ ಅಕ್ಷರ ಕಲಿತವಳು. ಎಂಬತ್ತೊಂದನೇ ಇಸವಿಯಲ್ಲಿ ಮುಳಬಾಗಿಲಿನಲ್ಲಿ ಪಿಯುಸಿಯನ್ನು ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದಳು. ಹೆಬ್ಬಾಳದ ಕೃಷಿ ಕಾಲೇಜಿಗೆ ಅವಳ ಅರ್ಜಿ ತುಂಬಿ ಕಳಿಸಿದವನು ನಾನೇ. ಅವಳ ಅಪ್ಪನನ್ನು ಕೇಳಲಿಲ್ಲ. ಕೇಳಿದ್ದರೆ ಯೋಚಿಸೋಣ ಎನ್ನುತ್ತಿದ್ದ, ಅವನು ಯೋಚಿಸಿ ಮುಗಿಸುವಷ್ಟರಲ್ಲಿ ಹುಡುಗಿಗೆ ಎರಡು ಮಕ್ಕಳಾಗಿರುತ್ತಿದ್ದವು. ಸೀಟು ಸಿಕ್ಕಿದೆ, ಜುಲೈ ಇಪ್ಪತ್ತನಾಲ್ಕರೊಳಗೆ ಬಂದು ಸೇರಬೇಕು ಎಂದು ಕಾಗದ ಬಂತು. ಫೀಸು, ಹಾಸ್ಟೆಲ್ ಮುಂಗಡ, ಪುಸ್ತಕ ಎಲ್ಲ ಸೇರಿ ಸಾವಿರದ ಮುನ್ನೂರು ರೂಪಾಯಿ ಬೇಕಿತ್ತು. ಅವಳ ಅಂಕಕ್ಕೆ ಸ್ಕಾಲರ್‌ಶಿಪ್ ಬರುವುದು ಖಂಡಿತ, ಆದರೆ ಬರುವುದು ದಸರಾ ಕಳೆದ ಮೇಲೆ. ಸೇರದವರಿಗೆ ಅದೂ ಇಲ್ಲ.

ಸುದ್ದಿ ಕೇಳಿ ಊರೆಲ್ಲ ನಕ್ಕಿತು. "ರಾಗಿ ಬೆಳೆಯೋದು ಕಲಿಯೋಕೆ ದುಡ್ಡು ಕೊಟ್ಟು ಬೆಂಗಳೂರಿಗೆ ಹೋಗ್ತಾಳಂತೆ! ನಾವೇ ಕಲಿಸ್ತೀವಿ ಬಾರಮ್ಮ, ಕುಡುಗೋಲು ನಿಂದು, ಹೊಲ ನಮ್ದು," ಎಂದು ಅರಳಿಕಟ್ಟೆಯವರು ಗೇಲಿ ಮಾಡಿದರು. ಗಂಗರತ್ನ ಅದಕ್ಕೆಲ್ಲ ಬಗ್ಗುವವಳಲ್ಲ. ಹಿಂದಿನ ವರ್ಷ ಅವರ ಮನೆಯ ರೇಷ್ಮೆ ಹುಳು ಎರಡು ಸಲ ಸುಣ್ಣಕಟ್ಟು ರೋಗ ಬಂದು ಸತ್ತಾಗ, ಊರಿನವರು ದೃಷ್ಟಿ ತಗುಲಿದೆ ಎಂದರೆ, ಅವಳೊಬ್ಬಳೇ ಕೂತು ಸತ್ತ ಹುಳುವನ್ನು ಕಡ್ಡಿಯಿಂದ ಬಿಡಿಸಿ ನೋಡುತ್ತಿದ್ದಳು. ಅದನ್ನು ನೋಡಿದ ದಿನವೇ ನಾನು ಅರ್ಜಿ ತರಿಸಿದ್ದು.

ದುಡ್ಡಿನ ಮಾತಾಡಲು ಶ್ರೀರಾಮಪ್ಪನ ಜಗಲಿಯಲ್ಲಿ ಕೂತೆವು. ಅವನು, ಭಾರತಮ್ಮ, ಅವನ ತಾಯಿ ದೊಡ್ಡಮುನಿಯಮ್ಮ, ಮತ್ತು ಕರೆಯದಿದ್ದರೂ ನಾನು. ಎತ್ತು ಮಾರಬಹುದು ಎಂದ ಶ್ರೀರಾಮಪ್ಪ. "ಎತ್ತು ಮಾರಿ ಬೇಸಾಯ ಕಲಿಯೋಕೆ ಕಳಿಸ್ತಾನಂತೆ, ಎಂಥಾ ಬುದ್ಧಿ ನೋಡು," ಎಂದಳು ಮುದುಕಿ. ಬ್ಯಾಂಕಿಗೆ ನಾನೇ ಹೋಗಿ ಬಂದಿದ್ದೆ. ಅಲ್ಲಿ ಎಮ್ಮೆಗೆ ಸಾಲವಿತ್ತು, ಬಾವಿಗೆ ಸಾಲವಿತ್ತು, ಹುಳು ಸಾಕುವ ಮನೆಗಂತೂ ಕರೆದು ಕೊಟ್ಟಿದ್ದರು. ಓದುವ ಹುಡುಗಿಗೆ ಅವರ ಫಾರಂನಲ್ಲಿ ಜಾಗವೇ ಇರಲಿಲ್ಲ. ಭಾರತಮ್ಮ ಕಿವಿಯ ಓಲೆ ಬಿಚ್ಚಿ ಮುಂದಿಟ್ಟಳು. ಅದಕ್ಕೆ ಮುನ್ನೂರು ಸಿಕ್ಕರೆ ಹೆಚ್ಚು. ಅತ್ತೆ ಅದನ್ನು ಎತ್ತಿ ಸೊಸೆಯ ಕೈಗೆ ತಿರುಗಿ ಕೊಟ್ಟು, "ಬರೀ ಕಿವೀಲಿ ಇರ್ಬೇಡ, ಹಾಕ್ಕೊ," ಎಂದು ಗದರಿದಳು.

ಅಷ್ಟರಲ್ಲಿ ಶ್ರೀನಿವಾಸಪುರದಿಂದ ಭಾರತಮ್ಮನ ಅಣ್ಣ ಕದಿರಪ್ಪ ಬಂದ. ಅವನದು ಮಾವಿನ ವ್ಯಾಪಾರ, ದೊಡ್ಡ ಗಂಟಲು, ಒಬ್ಬನೇ ಮಗ. ಸೋದರಮಾವನ ಮನೆಗೆ ಹೆಣ್ಣು ಕೊಡುವುದು ನಮ್ಮಲ್ಲಿ ನೀರು ಕುಡಿದಷ್ಟು ಸಹಜ. ಗಂಗರತ್ನ ತೊಟ್ಟಿಲಲ್ಲಿ ಇದ್ದಾಗಿನಿಂದ ಅವನು ಅವಳನ್ನು ಸೊಸೆಯೇ ಎಂದು ಕರೆಯುತ್ತಿದ್ದ. ಒಂದು ಬುಟ್ಟಿ ಬಾದಾಮಿ ಮಾವಿನ ಹಣ್ಣು ಇಳಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ:

"ಭಾವ, ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀಯ? ಇವತ್ತೇ ಎಲೆ ಅಡಿಕೆ ಇಟ್ಟು ಮಾತು ಮುಗಿಸೋಣ. ನಾಲ್ಕು ವರ್ಷದ ಖರ್ಚೂ ನಂದು. ಓದಿ ಬರ್ಲಿ, ಆಮೇಲೆ ನಮ್ ಮನೆಗೆ ಕಳ್ಸು."

ಭಾರತಮ್ಮನ ಮುಖ ಅರಳಿತು. ತವರಿನಿಂದ ಬಂದ ಮಾತು. ಶ್ರೀರಾಮಪ್ಪ ಮಗಳ ಕಡೆ ನೋಡಿದ. ಗಂಗರತ್ನ ಬಾಗಿಲಿನ ಮರೆಯಲ್ಲಿ ನಿಂತಿದ್ದಳು. ಹಿಪ್ಪುನೇರಳೆ ಕೊಯ್ಯುವ ಕುಕ್ಕೆ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟುಹೋದಳು. ಆ ಹುಡುಗಿ ಅಳುವುದನ್ನು ನಾನು ನೋಡಿದವನಲ್ಲ, ಆವತ್ತು ಹೋಗುವಾಗ ಅವಳ ಬಗ್ಗಿದ ಕತ್ತು ನೋಡಿಯೇ ನಾನು ಕದಿರಪ್ಪನ ಕಡೆ ತಿರುಗಿದೆ. ನನ್ನ ಕೋಪ ನನ್ನ ಮಾತು ಕೇಳುವುದಿಲ್ಲ.

"ಕದಿರಪ್ಪನೋರೇ, ಹೂವು ಬಿಟ್ಟಾಗಲೇ ತೋಪು ಹಿಡಿಯೋದು ನಿಮ್ಮ ಕಸುಬು. ಕಾಯಿ ಆಗೋ ಮೊದಲೇ ಮುಂಗಡ ಕೊಟ್ಟುಬಿಟ್ರೆ ಮರ ನಿಮ್ದು. ಹುಡುಗಿ ಮೇಲೂ ಅದೇ ಕಸುಬಾ?"

ಅಷ್ಟು ದೊಡ್ಡ ಗಂಟಲಿನ ಮನುಷ್ಯ ಒಂದು ಮಾತೂ ಆಡದೆ ಎದ್ದು, ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋದ. ಭಾರತಮ್ಮ ನನಗೆ ಹದಿನೈದು ದಿನ ನೀರೂ ಕೊಡಲಿಲ್ಲ. ನಾನು ಅಂದದ್ದು ಒರಟಾಯಿತು, ಒಪ್ಪುತ್ತೇನೆ. ತಪ್ಪೆಂದು ಆಗ ನನಗೆ ಅನ್ನಿಸಿರಲಿಲ್ಲ.

ಕದಿರಪ್ಪನ ದಾರಿ ಮುಚ್ಚಿದ ಮೇಲೆ ಉಳಿದದ್ದು ಒಂದೇ. ಅದನ್ನು ನಾನೇ ಹೇಳಿದೆ. "ಶ್ರೀರಾಮಪ್ಪ, ನಿನ್ನ ದುಡ್ಡು ಐವತ್ತು ಊರಲ್ಲಿ ಬಿದ್ದಿದೆ. ಮುಯ್ಯಿ ಕರಿ."

"ಅದು ಅವಳ ಮದುವೇದು ಮೇಷ್ಟ್ರೇ," ಎಂದ ಅವನು. "ಒಂದ್ಸಲ ಬಂದ್ರೆ ತೀರೋಯ್ತು. ನಾಳೆ ಅವಳ ಮದುವೆಗೆ ಯಾರು ಬರ್ತಾರೆ? ಖಾಲಿ ಚಪ್ಪರದಲ್ಲಿ ನನ್ ಮಗಳನ್ನ ಕೂರಿಸ್ಲಾ?"

ಮೂರು ದಿನ ಅವನು ನನ್ನ ಕಣ್ಣಿಗೆ ಬೀಳಲಿಲ್ಲ. ನಾಲ್ಕನೆಯ ದಿನ ಶಾಲೆಯ ಬಾಗಿಲಿಗೆ ಬಂದು ನಿಂತ. "ಗಂಗ ಊಟಕ್ಕೆ ಕೂರ್ತಾಳೆ, ಏಳ್ತಾಳೆ. ಕೇಳಿದ್ರೆ ಕಾಲೇಜು ಬೇಡ ಅಪ್ಪ, ಹುಳು ನೋಡ್ಕೊಂಡು ಇರ್ತೀನಿ ಅಂತಾಳೆ. ನಗ್ತಾ ಅಂತಾಳೆ ಮೇಷ್ಟ್ರೇ, ಅದೇ ತಡ್ಕೊಳಕಾಗಲ್ಲ. ಕರೆಯೋಣ."

ಆದರೆ ಯಾವ ಕಾರ್ಯಕ್ಕೆ ಕರೆಯುವುದು? ಕಾಲೇಜಿಗೆ ಸೇರುವುದಕ್ಕೆ ಮುಯ್ಯಿ ಕರೆದವರು ನಮ್ಮ ಸೀಮೆಯಲ್ಲಿ ಯಾರೂ ಇಲ್ಲ; ಕರೆದರೆ ಭಿಕ್ಷೆ ಎನ್ನುತ್ತಾರೆ. ದಾರಿ ಹೇಳಿದವಳು ದೊಡ್ಡಮುನಿಯಮ್ಮ. ಬ್ಯಾಂಕಿನ ಸಾಲದಲ್ಲಿ ಕಟ್ಟಿದ ಹುಳುಮನೆ ಆಗಷ್ಟೇ ಹೆಂಚು ಕಂಡಿತ್ತು. ಅದಕ್ಕೇ ಗೃಹಪ್ರವೇಶ ಮಾಡಿ ಎಂದಳು.

"ಅಜ್ಜಿ, ಜುಲೈ ಅಂದ್ರೆ ಆಷಾಢ. ಆಷಾಢದಲ್ಲಿ ಯಾರಾದ್ರೂ ಗೃಹಪ್ರವೇಶ ಮಾಡ್ತಾರಾ?" ಎಂದೆ.

"ಮನುಷ್ಯರಿಗಪ್ಪ ಆಷಾಢ. ಹುಳುಗೆ ಯಾವ ಆಷಾಢ?" ಎಂದಳು ಮುದುಕಿ.

ಪುರೋಹಿತರು ಈ ವಾದವನ್ನು ಒಪ್ಪಲಿಲ್ಲ, ಬರುವುದಿಲ್ಲ ಎಂದರು. ಬರದಿದ್ದರೆ ದಕ್ಷಿಣೆ ಉಳಿಯಿತು, ಕಾಯಿ ನಾನೇ ಒಡೆಯುತ್ತೇನೆ ಎಂದಳು ಅಜ್ಜಿ. ಶ್ರೀರಾಮಪ್ಪ ಅರಿಶಿನ ಹಚ್ಚಿದ ಅಕ್ಕಿ ಕಟ್ಟಿಕೊಂಡು ಸೈಕಲ್ಲಿನಲ್ಲಿ ಊರೂರಿಗೆ ಹೊರಟ. ಕುರುಡುಮಲೆ ಕಡೆ ಒಂದು ದಿನ, ನಂಗಲಿ ಕಡೆ ಎರಡು ದಿನ, ಮಾಲೂರಿನ ನೆಂಟರಿಗೆ ಬಸ್ಸಿನಲ್ಲಿ ಹೋಗಿ ಬಂದ. ಶ್ರೀನಿವಾಸಪುರದಲ್ಲಿ ಭಾವಮೈದುನನ ಮನೆಗೂ ಹೋಗಿ ಕರೆದು ಬಂದ. ಹೋದಲ್ಲೆಲ್ಲ ಹುಳುಮನೆಯ ಗೃಹಪ್ರವೇಶ ಎಂದಷ್ಟೇ ಹೇಳು, ಬೇರೆ ಬಾಯಿ ಬಿಡಬೇಡ ಎಂದು ನಾನು ಹತ್ತು ಸಲ ಹೇಳಿ ಕಳಿಸಿದ್ದೆ. ಅವನ ಮುಖದಲ್ಲಿ ಸುಳ್ಳು ನಿಲ್ಲುವುದಿಲ್ಲ ಎಂದು ನನಗೆ ಭಯವಿತ್ತು.

ಹತ್ತೊಂಬತ್ತನೇ ತಾರೀಖು ಭಾನುವಾರ. ಹುಳುಮನೆಗೆ ಸುಣ್ಣ ಬಳಿದು, ಮಾವಿನ ತೋರಣ ಕಟ್ಟಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ ಸಿಂಗರಿಸಿದ್ದರು. ಹಿತ್ತಲಲ್ಲಿ ಅನ್ನ, ಹುಳಿ, ಶಾವಿಗೆ ಪಾಯಸ. ಶ್ರೀರಾಮಪ್ಪ ಪಂಚೆ ಎತ್ತಿ ಕಟ್ಟಿಕೊಂಡು ತಾನೇ ಬಡಿಸಲು ನಿಂತ. ಮುಂದೆ ನಿಂತು ಮುಯ್ಯಿ ಇಸಿದುಕೊಳ್ಳುವುದಕ್ಕೆ ನಾಚಿಕೆ ಎಂದ. ನಾನು ಹೊಸ ನೋಟ್‌ಬುಕ್ಕಿಗೆ ಕುಂಕುಮ ಹಚ್ಚಿ, ಪೆನ್ನಿಗೆ ಇಂಕು ತುಂಬಿ ಮೇಜಿನ ಹಿಂದೆ ಕೂತೆ. ಜನ ಬರುತ್ತಾರೋ ಇಲ್ಲವೋ ಎಂದು ರಸ್ತೆ ನೋಡುತ್ತಿದ್ದೆ.

ಬಂದರು. ಮೊದಲು ಬಂದವನು ನಂಗಲಿಯ ಪೆದ್ದಪ್ಪ. ರಸ್ತೆ ಬದಿಯಲ್ಲಿ ಲಾರಿಯವರಿಗೆ ಟೀ ಮಾರುವ ಮನುಷ್ಯ. ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಇಪ್ಪತ್ತೈದು ರೂಪಾಯಿ ತಟ್ಟೆಗೆ ಹಾಕಿದ. ಶ್ರೀರಾಮಪ್ಪ ಅವನ ಮಗಳ ಮದುವೆಗೆ ಹಾಕಿದ್ದು ಹತ್ತು, ಬರೆದವನು ನಾನೇ. ಪೆನ್ನು ಕಾಗದಕ್ಕೆ ತಾಗಿಸಿದೆ.

"ರಾಯೊದ್ದು ಸಾಮಿ, ಬರೀಬೇಡ," ಎಂದು ಪುಸ್ತಕದ ಮೇಲೆ ಅಂಗೈ ಇಟ್ಟ.

ನನಗೆ ರೇಗಿತು. "ಬರೀಬೇಡ ಅಂದ್ರೆ? ನಾನಿಲ್ಲಿ ನೊಣ ಹೊಡೆಯೋಕೆ ಕೂತಿದ್ದೀನಾ? ನಾಳೆ ಕೊಟ್ಟೆ, ಕೊಡಲಿಲ್ಲ ಅಂತ ಜಗಳ ಬಂದ್ರೆ?"

"ಬರ್ದ್ರೆ ತೀರೋತದೆ. ಅವ್ನು ನಮ್ ಹುಡುಗಿಗೆ ಹಾಕಿದ್ದು ಹಂಗೇ ಇರ್ಲಿ, ಈ ಪಾಪು ಮದುವೇಲಿ ತೀರಿಸ್ತೀನಿ. ಇದು ಬೇರೆ. ಓದಕ್ಕೆ."

"ಓದೋಕೆ ಅಂತ ನಿಂಗ್ಯಾರು ಹೇಳಿದ್ದು?"

"ಅವ್ನೇ. ಅಂಗಡಿ ಮುಂದೆ ಸೈಕಲ್ ನಿಲ್ಸಿ, ಹುಳುಮನೆ ಅಂದ. ಅಕ್ಕಿ ಕೊಟ್ಟ. ನಾಕ್ ಹೆಜ್ಜೆ ಹೋದ, ತಿರುಗಿ ಬಂದ. ಪೆದ್ದಪ್ಪಣ್ಣ, ಸುಳ್ಳು ಹೇಳ್ದೆ, ಹುಡುಗೀನ ಓದಕ್ಕೆ ಕಳಿಸ್ಬೇಕು, ಅದಕ್ಕೆ ಕರೀತಿದ್ದೀನಿ ಅಂದ."

ಐವತ್ತು ಊರಿನಲ್ಲೂ ಅವನು ಇದನ್ನೇ ಮಾಡಿದ್ದ. ಸುಳ್ಳು ಹೇಳುವುದು, ನಾಲ್ಕು ಹೆಜ್ಜೆ ಹೋಗುವುದು, ತಿರುಗಿ ಬರುವುದು. ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟನ್ನೂ ಪ್ರೀತಿಯನ್ನೂ ಬೇರೆ ಬೇರೆ ಮಾಡಿ ಹೇಳಲಾರೆ.

ಪೆದ್ದಪ್ಪನ ಹಿಂದಿದ್ದ ಮುದುಕಿ ಎಲ್ಲ ಕೇಳಿಸಿಕೊಂಡಿದ್ದಳು. ಎಂಟು ರೂಪಾಯಿ ಹಾಕಿ, "ನಂದೂ ಬರೀಬೇಡಪ್ಪ," ಎಂದಳು. ಅವಳ ಹಿಂದಿನವನೂ ಅದನ್ನೇ ಹೇಳಿದ. ಆಮೇಲೆ ಅದೊಂದು ಸಾಲೇ ಆಯಿತು. ಹಾಗೆಂದು ಎಲ್ಲರೂ ಧರ್ಮರಾಯರಲ್ಲ. ಚನ್ನರಾಯಪ್ಪ ಎಂಬವನು ತನಗೆ ಬಂದಿದ್ದ ಏಳು ರೂಪಾಯಿಯನ್ನು ಏಳೇ ಎಂದು ಬರೆಸಿ, ಮೂರು ಸಲ ಬಗ್ಗಿ ನೋಡಿ, ಎರಡು ಪಂಕ್ತಿಯಲ್ಲಿ ಊಟ ಮಾಡಿ ಹೋದ. ಅಂಥವರು ಇನ್ನಿಬ್ಬರು ಇದ್ದರು. ನಾನೂ ನನ್ನ ಇಪ್ಪತ್ತು ರೂಪಾಯಿ ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಕದಿರಪ್ಪ ಬಂದ. ನನ್ನ ಮುಖ ನೋಡದೆ ಮೇಜಿನ ಹತ್ತಿರ ನಿಂತ. ಸೋದರಮಾವನ ಮುಯ್ಯಿ ಎಂದರೆ ಎಲ್ಲರಿಗಿಂತ ದೊಡ್ಡದಾಗಿರಬೇಕು, ಎಲ್ಲರಿಗಿಂತ ಜೋರಾಗಿ ಕೂಗಬೇಕು. ಅದು ತವರಿನ ಮರ್ಯಾದೆ. ಅವನು ಟವೆಲ್ಲಿನ ಮರೆಯಲ್ಲಿ ನೂರರ ಐದು ನೋಟುಗಳನ್ನು ಮಡಿಸಿ ತಟ್ಟೆಯ ಚಿಲ್ಲರೆಯ ಕೆಳಗೆ ತೂರಿಸಿದ. "ಬರೀಬೇಡಿ. ನಮ್ ತಂಗಿಗೂ ಹೇಳ್ಬೇಡಿ, ಯಾರಿಗೂ ಹೇಳ್ಬೇಡಿ. ನಿಮ್ ಮಕ್ಕಳ ಮೇಲಾಣೆ," ಎಂದು ಮೆಲ್ಲಗೆ ಹೇಳಿ ಊಟಕ್ಕೆ ಹೋದ. ನಾನು ತಟ್ಟೆಯ ಮೇಲೆ ನನ್ನ ಟವೆಲ್ಲು ಹೊದಿಸಿದೆ.

ಹಿತ್ತಲಲ್ಲಿ ಶ್ರೀರಾಮಪ್ಪ ಬಡಿಸುತ್ತಲೇ ಇದ್ದ. ಒಂದು ಸಂಗತಿ ನನಗೆ ಹೊಳೆದಿರಲಿಲ್ಲ. ಬರೆಯದ ಮೇಲೆ ನಾನು ಹೆಸರೂ ಕೂಗಿರಲಿಲ್ಲ. ಅವನಿಗೆ ಬೆಳಗಿನಿಂದ ಕೇಳಿಸಿದ್ದು ಮೂರೇ ಹೆಸರು. ಕೊನೆಯ ಪಂಕ್ತಿ ಎದ್ದ ಮೇಲೆ, ಪಾಯಸದ ಸೌಟು ಕೈಯಲ್ಲೇ ಹಿಡಿದುಕೊಂಡು ಬಂದು, ಪುಸ್ತಕದಲ್ಲಿ ಮೂರು ಸಾಲು ನೋಡಿದ.

"ಹೋಗ್ಲಿ ಬಿಡಿ ಮೇಷ್ಟ್ರೇ," ಎಂದ. "ಎಲ್ರೂ ಹೊಟ್ಟೆ ತುಂಬಾ ಉಂಡ್ರಲ್ಲ, ಅಷ್ಟು ಸಾಕು. ಮದುವೆ ಅಲ್ವಲ್ಲ, ಅವರದೇನೂ ತಪ್ಪಿಲ್ಲ."

ತಟ್ಟೆಯ ಮೇಲೆ ಹೊದಿಸಿದ್ದ ಟವೆಲ್ಲನ್ನು ತೆಗೆದೆ. ಇಬ್ಬರೂ ಕೂತು ಎಣಿಸಿದೆವು. ಸಾವಿರದ ನಾನೂರ ಅರವತ್ತೆರಡು. ಅವನು ಕುಣಿಯುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಬಿಳುಚಿತು.

"ಯಾರ್ಯಾರು ಎಷ್ಟೆಷ್ಟು? ಹೇಳಿ."

"ನೆನಪಿಲ್ಲ."

"ನಿಮಗೆ ನೆನಪಿಲ್ವಾ? ನಮ್ಮಪ್ಪನ ಮದುವೆ ಮುಯ್ಯೀನೂ ಹೇಳೋ ಮನುಷ್ಯ ನೀವು. ಹೇಳಿ ಮೇಷ್ಟ್ರೇ, ನಾನು ಯಾರಿಗೆ ತೀರಿಸ್ಲಿ?"

ನನಗೆ ಒಂದೊಂದು ರೂಪಾಯಿಯೂ ನೆನಪಿತ್ತು. ಹೇಳಲಿಲ್ಲ. ಅವನು ಹುಳುಮನೆಯ ಹೊಸಿಲ ಮೇಲೆ ಕೂತು ಅತ್ತ. ಇಪ್ಪತ್ತೆರಡು ವರ್ಷ ಒಬ್ಬರ ಋಣವನ್ನೂ ಉಳಿಸಿಕೊಳ್ಳದೆ ಬಾಳಿದವನು, ಈಗ ಐವತ್ತು ಊರಿಗೂ ಸಾಲಗಾರನಾಗಿದ್ದ. ಗಂಗರತ್ನ ಬಂದು ಅವನ ಕೈಯಿಂದ ಸೌಟು ತೆಗೆದುಕೊಂಡು ಪಕ್ಕದಲ್ಲಿ ಕೂತಳು. ಅವಳೂ ಅಳುತ್ತಿದ್ದಳು, ಆದರೆ ಅದು ನೋಡಲು ಚೆನ್ನಾಗಿತ್ತು.

ಇದೇ ಹೊತ್ತಿಗೆ ಭಾರತಮ್ಮ ಪುಸ್ತಕದಲ್ಲಿ ಅಣ್ಣನ ಹೆಸರಿದೆಯೇ ಎಂದು ಕೇಳಿದಳು. ಇಲ್ಲ ಎಂದೆ, ಪುಸ್ತಕದಲ್ಲಿ ಇರಲಿಲ್ಲ. "ಹಂಗಾದ್ರೆ ಹಾಕಿದ್ನಾ?" ಎಂದಳು. ಮಕ್ಕಳ ಮೇಲೆ ಆಣೆ. ನಾನು ನೆಲ ನೋಡಿದೆ. ಅವಳು ಅಂಗಳದಲ್ಲಿ ಬಸ್ಸಿಗೆ ಹೊರಟಿದ್ದ ಅಣ್ಣನನ್ನು ಹತ್ತು ಜನರ ಮುಂದೆ ನಿಲ್ಲಿಸಿದಳು.

"ಯಾರ್ ಯಾರೋ ಹಾಕಿ ಹೋದ್ರು. ನೀನು ಕೈ ಬೀಸ್ಕೊಂಡು ಬಂದು ಉಂಡು ಹೋಗ್ತಿದ್ಯಲ್ಲ ಅಣ್ಣ! ಹೆಣ್ಣು ಕೊಡ್ಲಿಲ್ಲ ಅಂತ ತಂಗೀನೇ ಬೇಡವಾದ್ಲಾ?"

"ಈ ಸಲ ವ್ಯಾಪಾರ ಸರಿಯಿಲ್ಲಮ್ಮ, ಮುಂದೆ ನೋಡೋಣ ಬಿಡು," ಎಂದು ನಕ್ಕು, ಕದಿರಪ್ಪ ತಲೆ ತಗ್ಗಿಸಿ ನಡೆದ. ಜನ ಮುಖ ಮುಖ ನೋಡಿಕೊಂಡರು.

ನಾನು ರಸ್ತೆಯವರೆಗೂ ಅವನ ಹಿಂದೆ ಓಡಿದೆ. ಆ ವಯಸ್ಸಿಗೇ ನನಗೆ ಉಬ್ಬಸ. "ನಿಮಗೆ ಹುಚ್ಚಾ? ಐನೂರು ಕೊಟ್ಟು ಬೈಸ್ಕೊಂಡು ಹೋಗ್ತೀರಲ್ಲ! ನಿಮ್ಮದಿಲ್ಲದಿದ್ರೆ ಸಾವಿರದ ಮುನ್ನೂರು ಮುಟ್ಟುತ್ತಲೇ ಇರಲಿಲ್ಲ. ನಾನು ಹೋಗಿ ಹೇಳ್ತೀನಿ."

"ಹೇಳ್ಬೇಡಿ ಮೇಷ್ಟ್ರೇ," ಎಂದ. ಅವನ ಗಂಟಲು ಅಷ್ಟು ಸಣ್ಣದಾಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. "ಆ ಮಗೂಗೆ ಗೊತ್ತಾದ್ರೆ, ಮಾವ ನನ್ನ ಓದಿಗೆ ಕೊಟ್ರು ಅಂತ ನಮ್ ಹುಡುಗನ್ನ ಒಪ್ಕೊಂಡ್ಬಿಡ್ತಾಳೆ. ಅವಳ ಗುಣ ನಂಗೊತ್ತು, ನನ್ನ ಹೆಗಲ ಮೇಲೆ ಬೆಳೆದೋಳು. ಸೊಸೆಯಾಗಿ ಬರ್ಲಿ ಅಂತ ಈಗ್ಲೂ ಆಸೆ ಇದೆ, ಸುಳ್ಳು ಯಾಕೆ ಹೇಳ್ಲಿ? ಮನಸ್ಸಿದ್ರೆ ಬರ್ಲಿ. ಋಣಕ್ಕೆ ಬರೋದು ಬೇಡ."

ಬಸ್ಸು ಬಂತು. ಅವನು ಹತ್ತಿಕೊಂಡ. ಜಗಲಿಯಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ, ಬಸ್ಸು ಹೊರಟುಹೋಯಿತು.

ಶುಕ್ರವಾರ ಬೆಳಗಿನ ಬಸ್ಸಿನಲ್ಲಿ ಗಂಗರತ್ನ, ಅವಳ ಅಪ್ಪ, ನಾನು ಹೆಬ್ಬಾಳಕ್ಕೆ ಹೊರಟೆವು. ಶ್ರೀರಾಮಪ್ಪ ದುಡ್ಡನ್ನು ಒಳಅಂಗಿಯಲ್ಲಿ ಹೊಲಿಸಿಕೊಂಡು, ಎದೆಯ ಮೇಲೆ ಕೈ ಇಟ್ಟುಕೊಂಡೇ ನಿದ್ದೆ ಹೋಗಿದ್ದ. ಕೋಲಾರ ದಾಟಿದ ಮೇಲೆ ಹುಡುಗಿ ನನ್ನ ಕಡೆ ತಿರುಗಿ ಕೇಳಿದಳು.

"ಸಾರ್, ಕದಿರಪ್ಪ ಮಾವ ನನ್ ಮೇಲೆ ಕೋಪ ಮಾಡ್ಕೊಂಡಿದ್ದಾರಾ?"

"ಇಲ್ಲಮ್ಮ."

"ಚಿಕ್ಕೋಳಿದ್ದಾಗ ಅವರ ಹೆಗಲ ಮೇಲೇ ಇರ್ತಿದ್ದೆನಂತೆ. ಆವತ್ತು ನನ್ನ ಮಾತಾಡ್ಸದೇ ಹೋದ್ರು. ಎಲ್ರೂ ಹಾಕಿದ್ರು, ಮಾವ ಒಬ್ರೇ ಯಾಕೆ ಸಾರ್ ಹಾಕ್ಲಿಲ್ಲ?"

ನಾನು ಕಿಟಕಿಯ ಕಡೆ ಮುಖ ಮಾಡಿದೆ. ಮೂವತ್ತು ವರ್ಷದಲ್ಲಿ ಸಾವಿರಾರು ಹೆಸರು ಕೂಗಿದ್ದೇನೆ, ಹೊಟ್ಟೆ ಹಸಿದು, ಬೇಸರಪಟ್ಟು, ಬೈದುಕೊಂಡು ಕೂಗಿದ್ದೇನೆ. ಒಂದು ಹೆಸರನ್ನು ಬಸ್ಸಿಗೆ ಬಸ್ಸೇ ತಿರುಗಿ ನೋಡುವ ಹಾಗೆ ಕೂಗಬೇಕೆಂದು ಆಸೆಯಾದದ್ದು ಅದೊಂದೇ ಸಲ.